ಶೀಕರಣಿಯಲ್ಲಿ ಅರೆದ ಗುಳಿಗೆ

ಮೂರ್ಛೆರೋಗ ಸಂಶೋಧನೆಯ ಪ್ರಯೋಗಾಲಯದ ನಿರ್ದೇಶಕರಿಗೆ,

ಮಾನ್ಯರೇ, ಇಂದು ಸೋಮವಾರ, ನನ್ನ ಉಪವಾಸ. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ, ಆಮೇಲೆ ಹೆತ್ತ ಮಗಳಿಗೆ ಮೋಸ ಮಾಡಿ ಈ ಪತ್ರ ಬರೆಯಲು ಕುಳಿತಿದ್ದೇನೆ. ಮೋಸ ನನ್ನದೇ. ಆದರೆ ಅದಕ್ಕೆ ದಾರಿ ಮಾಡಿದ್ದು ತಾವು ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆ.

ರಾಮದುರ್ಗದ ಆರೋಗ್ಯ ಶಿಬಿರಕ್ಕೆ ತಾವು ಬಂದಾಗ ಕಟಕೋಳದಿಂದ ನಾನೂ ಮಗಳು ಶಿವಾನಿಯೂ ಬಂದಿದ್ದೆವು. ಅವಳಿಗೆ ಸಣ್ಣವಳಿದ್ದಾಗಿನಿಂದ ಮೂರ್ಛೆ. ದಿನಾ ಗುಳಿಗೆ ನುಂಗುತ್ತಿದ್ದುದರಿಂದ ಬೀಳುವುದು ನಿಂತು, ಕಾಲೇಜಿಗೂ ಹೋಗುತ್ತಿದ್ದಾಳೆ. ತಾವು ಪರದೆಯ ಮೇಲೆ ತೋರಿಸಿದಿರಿ: ಇಲಿಗೆ ಮದ್ದು ಚುಚ್ಚಿ ಮೂರ್ಛೆ ಬರಿಸುವುದು, ತಲೆಗೆ ತಂತಿ ಹಚ್ಚಿ ಅಳೆಯುವುದು. ಇಂಥ ಪ್ರಯೋಗಗಳಿಂದಲೇ ನಮ್ಮ ಗುಳಿಗೆ ಬಂದಿತಂತೆ. ಆ ಇಲಿಯ ಮುಂಗಾಲು ಅದುರುವ ರೀತಿ ನನಗೆ ಗುರುತಿನದು. ಮೂರ್ಛೆ ಬಂದಾಗ ನನ್ನ ಮಗಳ ಕೈ ಹಾಗೆಯೇ ಅದುರುತ್ತಿತ್ತು. ಎದ್ದು ಕೇಳಿದೆ:

“ಸಾಹೇಬ್ರ, ಅದು ಬಿದ್ದಾಗ ಅದರ ಬಾಜೂಕ ಯಾರು ಕುಂತಿರ್ತಾರ್ರಿ?”

“ಕ್ಯಾಮೆರಾ ಇರುತ್ತಮ್ಮಾ,” ಎಂದಿರಿ.

“ಇಲಿಗೂ ಬಾಣಂತನ ಮಾಡಬೇಕೇನಬೇ?” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು, ತಾವೂ ನಕ್ಕು ಮುಂದಿನ ಚಿತ್ರಕ್ಕೆ ಹೋದಿರಿ. ಉತ್ತರ ಹೇಳುವುದಕ್ಕಿಂತ ಚಿತ್ರ ಬದಲಿಸುವುದು ಹಗುರವಲ್ಲವೇ?

ನಗದವಳು ಶಿವಾನಿ. ಸೋಮವಾರ ನಾವು ಕರು ಕುಡಿದು ಉಳಿದ ಹಾಲನ್ನಷ್ಟೇ ಮುಟ್ಟುವವರು. ಒಂದು ಜೀವವನ್ನು ನೋಯಿಸಿ ಪಡೆದದ್ದು ಅಂದು ಬಾಯಿಗೆ ಹೋಗಬಾರದು. ಈ ನೇಮ ಕಲಿಸಿದವಳು ನಾನೇ. ಶಿಬಿರದ ನಂತರ ಪ್ರತಿ ಸೋಮವಾರ ಅವಳು ಗುಳಿಗೆ ನುಂಗದೆ ತೆಗೆದಿಡತೊಡಗಿದಳು. “ಯವ್ವಾ, ಕರುವಿನ ಪಾಲು ಬ್ಯಾಡ ಅಂತಿ. ಇಲಿ ಜೀವ ನಡೀತದೇನು?” ಎಂದಳು. ಹೋದ ಸೋಮವಾರ ಒಲೆಯ ಮುಂದೆ ಬಿದ್ದು ಮೊಣಕೈ ಸುಟ್ಟುಕೊಂಡಳು. ನೆರೆಮನೆಯ ಸಿದ್ದಲಿಂಗವ್ವ ಕೈಗೆ ಕಬ್ಬಿಣ ಹಿಡಿಸಲೆಂದು ಬೀಗದ ಕೈಗಳೊಂದಿಗೆ ಓಡಿ ಬಂದಳು. ನಾನು ಮಗಳನ್ನು ಮಗ್ಗುಲಿಗೆ ಹೊರಳಿಸಿ, ಕಣ್ಣು ಬಿಡುವವರೆಗೂ ಹೆಸರು ಕರೆಯುತ್ತ ಕುಳಿತೆ. ಕ್ಯಾಮೆರಾಕ್ಕೆ ಹೆಸರು ಕರೆಯಲು ಬರುತ್ತದೆಯೇ, ಮಾನ್ಯರೇ?

ಇಂದು ಬೆಳಿಗ್ಗೆ ಗುಳಿಗೆ ಅರೆದು ಅವಳ ಫಲಾಹಾರದ ಬಾಳೆಹಣ್ಣಿನ ಶೀಕರಣಿಯಲ್ಲಿ ಕಲಸಿದೆ.

“ಕಹಿ ಐತಲ್ಲಬೇ?”

“ಹಣ್ಣು ಕಾಯಿ ಇತ್ತವ್ವಾ.”

ಅವಳು ನಂಬಿ ತಿಂದಳು. ತನ್ನೊಳಗೆ ಏನು ಸೇರಿಸಿದ್ದಾರೆಂದು ನಿಮ್ಮ ಇಲಿಗೂ ಗೊತ್ತಿಲ್ಲ, ನನ್ನ ಮಗಳಿಗೂ ಗೊತ್ತಿಲ್ಲ. ಈಗ ಹೇಳಿ, ತಮ್ಮನ್ನು ಯಾವ ಬಾಯಿಂದ ಬೈಯಲಿ?

ಪ್ರಯೋಗ ನಿಲ್ಲಿಸಿ ಎನ್ನುವ ಹಕ್ಕು ನನಗಿಲ್ಲ. ಜೋಳದ ಚೀಲ ಕಡಿದರೆ ಇಲಿಬೋನು ಇಡುವವಳು ನಾನು. ಮಗಳು ಮತ್ತು ಇಲಿ ಎಂದು ತೂಗಿದರೆ ತಕ್ಕಡಿ ಎತ್ತ ವಾಲುತ್ತದೆಂದು ನನಗೂ ಗೊತ್ತು, ಶಿವನಿಗೂ ಗೊತ್ತು. ಹಾಗಂತ ಋಣವೇ ಇಲ್ಲವೆಂದು ನಗಬಹುದೇ? ಅವುಗಳ ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ, ಇಲಿ ಇಲ್ಲದೆ ತಿಳಿಯಬಹುದಾದದ್ದನ್ನು ಹಾಗೆಯೇ ತಿಳಿಯುತ್ತೀರಾ, ಬಿದ್ದಾಗ ಹತ್ತಿರ ಯಾರಿರುತ್ತಾರೆ? ಇದನ್ನು ಕನ್ನಡದಲ್ಲಿ, ಶಿವಾನಿಯ ಹೆಸರಿಗೆ ಬರೆದು ಕಳಿಸಿ. ಯಾರೂ ಇರುವುದಿಲ್ಲವಾದರೆ ಇನ್ನು ಮುಂದೆ ಒಬ್ಬರನ್ನು ಕೂರಿಸಿ, ಅದನ್ನೂ ಬರೆಯಿರಿ.

ಈ ಪತ್ರದ ಪ್ರತಿಯೊಂದನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಚ್ಚಾದರೆ ಅವಳೂ ಓದುತ್ತಾಳೆ. ಓದಲಿ. ಇನ್ನು ಶೀಕರಣಿಯಲ್ಲಿ ಏನನ್ನೂ ಬಚ್ಚಿಡುವುದಿಲ್ಲ. ಶಿವಾನಿ, ಅವರ ಉತ್ತರ ಬಂದಾಗ ಅಂಚೆ ಕಚೇರಿಗೆ ನೀನೇ ಹೋಗಿ ತಾ, ಮಗಳೇ. ನಾನು ಹಿಂದೆ ಬರುವುದಿಲ್ಲ. ಗುಳಿಗೆ ನಿನ್ನ ಕೈಯಾರೆ ನುಂಗಿ ಹೋಗು.

ಇಂತಿ,
ಉಪವಾಸವಿದ್ದೂ ಶುದ್ಧಳಾಗದ
ಅನ್ನಪೂರ್ಣಾ, ಕಟಕೋಳ