ಟಚ್‌ಪ್ಯಾಡ್ ಮುಟ್ಟಿದವರು ಯಾರು

ಮಂಗಳವಾರ, ಸಂಜೆ

ನನ್ನ ಹಲ್ಲಿನ ಡಾಕ್ಟರೇ,

ಎದುರಿಗೆ ಕೂತು ಕೇಳಿದರೆ ಮಾತು ಹಾರಿಸುತ್ತೀರಿ. ಅದಕ್ಕೇ ಬರೆದು ಲ್ಯಾಪ್‌ಟಾಪಿನ ಮೇಲೆ ಇಟ್ಟಿದ್ದೇನೆ. ಪೂರ್ತಿ ಓದಿ, ಆಮೇಲೆ ಮಹಡಿಗೆ ಬನ್ನಿ.

ಲ್ಯಾಪ್‌ಟಾಪ್ ನಡೆಸುವ ತಂತ್ರಾಂಶ ವಿಂಡೋಸ್ ಆದರೆ ಅದೇ ಟಚ್‌ಪ್ಯಾಡ್ ಒಂದು ಥರ, ಲಿನಕ್ಸ್ ಆದರೆ ಇನ್ನೊಂದು ಥರ ಆಡುತ್ತದೆ. ಬೆರಳು ಅಷ್ಟೇ ಸರಿದರೂ ಬಾಣದ ಗುರುತು ಒಂದರಲ್ಲಿ ಹಾರುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಬೆರಳಿಗೆ ಆ ವ್ಯತ್ಯಾಸ ಗೊತ್ತಾಗದಂತೆ ಮಾಡುವುದೇ ನನ್ನ ಕೆಲಸ. ನಮ್ಮ ಮನೆಯ ಈ ಒಂದೇ ಲ್ಯಾಪ್‌ಟಾಪಿನಲ್ಲೂ ಎರಡೂ ಇವೆ, ನನಗೆ ಲಿನಕ್ಸ್, ನಿಮಗೆ ವಿಂಡೋಸ್. ಎರಡನ್ನೂ ಹೊಂದಿಸಿದವಳು ನಾನೇ.

ಹೋದ ವಾರ ಹಳೇ ಫೋಟೊ ಹುಡುಕಲು ನಿಮ್ಮ ವಿಂಡೋಸ್ ತೆರೆದೆ. ಬಾಣ ಕಾಲುನೋವಿನವರ ಹಾಗೆ ಸಾಗಿತು. ತಟ್ಟಿದರೆ ಕ್ಲಿಕ್ ಆಗಲಿಲ್ಲ, ಗಟ್ಟಿಯಾಗಿ ಒತ್ತಬೇಕಾಯಿತು. ಕೇಳಿದರೆ, ನಾನು ಅದನ್ನ ತೆರೆದೇ ತಿಂಗಳಾಯ್ತಲ್ಲೇ ಅಂದಿರಿ, ನನ್ನ ಮುಖ ನೋಡದೆ. ಹಾಗಾದರೆ ನಾನು ಆಫೀಸಿನಲ್ಲಿರುವಾಗ ಈ ಕುರ್ಚಿಯಲ್ಲಿ ಕೂತು ಹೋಗುವವರು ಯಾರು?

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ಕ್ಲಿನಿಕ್ ಮಧ್ಯಾಹ್ನವೇ ಮುಚ್ಚುತ್ತೀರಿ. ನಿಮ್ಮ ನರ್ಸಮ್ಮನಿಗೆ ಫೋನ್ ಮಾಡಿದೆ. ಸಾರ್ ಈಗ ಹಲ್ಲು ಕೀಳಿಸಿಕೊಳ್ಳೋರನ್ನೆಲ್ಲ ಬೇರೆ ಕಡೆ ಕಳಿಸಿಬಿಡ್ತಾರೆ ಅಂದಳು. ಬಿಡುವು ಯಾರಿಗಾಗಿ ಅಂತ ಲೆಕ್ಕ ಹಾಕಿದೆ. ಎದುರುಮನೆಯ ಸಂಗೀತದ ಟೀಚರನ್ನೂ ಅನುಮಾನಿಸದೆ ಬಿಡಲಿಲ್ಲ, ಪಾಪ. ಚಹಾ ಅರ್ಧ ಲೋಟ ಸಾಕು ಅಂದಾಗಲೂ, ಹೊರಗೆ ಯಾರ ಜೊತೆಗೋ ಕುಡಿದು ಬಂದಿದ್ದೀರಿ ಅಂದುಕೊಂಡೆ.

ಇವತ್ತು ಟಚ್‌ಪ್ಯಾಡ್ ಪರೀಕ್ಷೆಗೆ ನಮ್ಮ ಆಫೀಸಿಗೆ ನಿವೃತ್ತ ಟೈಪಿಸ್ಟಮ್ಮ ಒಬ್ಬರು ಬಂದಿದ್ದರು. ಅವರ ಬೆರಳು ನಿಲ್ಲದೆ ನಡುಗುತ್ತದೆ. ಎಲ್ಲೆಲ್ಲೋ ತಗುಲಿ ಬೇಡದ್ದೆಲ್ಲ ಕ್ಲಿಕ್ ಆಗುತ್ತಿತ್ತು. ತಟ್ಟಿದರೆ ಕ್ಲಿಕ್ ಆಗುವುದನ್ನು ನಿಲ್ಲಿಸಿ, ಬಾಣದ ವೇಗ ಇಳಿಸಿಕೊಟ್ಟೆ. ಈಗ ನನ್ನ ಕೈಗೆ ಸರಿಹೋಯ್ತು ಕಣಮ್ಮ ಅಂದರು. ಪರದೆ ನೋಡಿದೆ. ನಿಮ್ಮದೇ ಸೆಟ್ಟಿಂಗ್, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ರೀ, ಯಾವಾಗಿನಿಂದ ನಿಮ್ಮ ಬೆರಳೂ ಹೀಗೆ? ಡಾಕ್ಟರಾಗಿಯೂ ಇನ್ನೊಬ್ಬ ಡಾಕ್ಟರಿಗೆ ತೋರಿಸಿಲ್ಲ ತಾನೇ? ಬೇರೆ ಹೆಂಗಸಾಗಿದ್ದರೆ ಜಗಳವಾಡಿಯಾದರೂ ಗೆಲ್ಲುತ್ತಿದ್ದೆ. ಇದಕ್ಕೆ ನನಗೆ ಭಯವಾಗುತ್ತಿದೆ. ನಾಳೆ ಆಸ್ಪತ್ರೆಗೆ ಹೋಗೋಣ, ಇಲ್ಲ ಅನ್ನಬೇಡಿ.

ಇಂತಿ,
ನಿಮ್ಮ ಸಂಶಯಪಿಶಾಚಿ

ತಾ.ಕ.: ನನ್ನ ಲಿನಕ್ಸ್ ಕಡೆಗೂ ನಿಮ್ಮ ಸೆಟ್ಟಿಂಗನ್ನೇ ಹಾಕಿದ್ದೇನೆ. ಸ್ವಲ್ಪ ದಿನ ನನ್ನ ಬೆರಳು ತಡಕಾಡುತ್ತದೆ, ಆಮೇಲೆ ಅದೇ ರೂಢಿಯಾಗುತ್ತದೆ. ಫ್ಲಾಸ್ಕಿನಲ್ಲಿ ಚಹಾ ಇದೆ. ಲೋಟ ತುಂಬಾ ಬಗ್ಗಿಸಿಕೊಳ್ಳಿ. ಚೆಲ್ಲಿದರೆ ಒರೆಸೋಣ.