ಯಾವುದಕ್ಕೆ ‘ಎಸ್’ ಅಂದೆನೋ

ಪುಟ್ಟೀ,

ಹಾಲು ಕಾಯಿಸಿಟ್ಟಿದ್ದೇನೆ, ಕುಡಿದು ಹೋಗು. ಕಾಲೇಜು ಬಿಟ್ಟ ಕೂಡಲೇ ನನ್ನ ಕೆಲಸದ ಮನೆಗೆ ಬಾ.

ನಾನು ನೋಡಿಕೊಳ್ಳುವ ಅಜ್ಜಿ ನಿನ್ನೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಎಂದಿನಂತೆ “ಎಸ್, ಎಸ್” ಅಂದುಬಿಟ್ಟೆ. ನಿನ್ನ ಹತ್ತಿರ ಅರ್ಥ ಕೇಳೋಣವೆಂದು ಆ ಪದಗಳನ್ನು ಅಂಗೈ ಮೇಲೆ ಗೀಚಿಕೊಂಡಿದ್ದೆ. ಪಾತ್ರೆ ತೊಳೆಯುವಾಗ ಅಳಿಸಿಹೋದವು.

ಅಜ್ಜಿ ಶೂ ಹಾಕಿಸಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಕತ್ತಲಾಗುವವರೆಗೂ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಮಲಗುವಾಗಲೂ ಶೂ ಬಿಚ್ಚಲು ಬಿಡಲಿಲ್ಲ.

“ತಲೆ ತಿನ್ನಬೇಡಮ್ಮಾ, ಫೋನಲ್ಲಿ ನೋಡ್ಕೋ” ಅನ್ನುತ್ತೀಯಲ್ಲ, ಯಾವ ಪದ ಅಂತ ನೋಡಲಿ? ಸಿಡುಕದೆ ಬಾ. ನಾನು ಯಾವುದಕ್ಕೆ ಒಪ್ಪಿಕೊಂಡೆನೆಂದು ಅವರನ್ನೇ ಕೇಳು.

ನೀನು ಬರುವಷ್ಟರಲ್ಲಿ ಅವರು ಮತ್ತೆ ಕೇಳಿದರೆ ಏನನ್ನಲಿ? ನನ್ನ ಬಾಯಿಗೆ ಬರುವುದು ಅದೊಂದೇ “ಎಸ್”.