ಕೆಂಪು ಪಟ್ಟಿಯ ಉಡುಪು

ವೆಂಡೆಲ್,

ಇವತ್ತು ದೂರದರ್ಶಕ ರಿಪೇರಿಗೆಂದು ನಮ್ಮ ಬಾಹ್ಯಾಕಾಶ ನೌಕೆಯಿಂದ ಇಬ್ಬರು ಹೊರಗಿಳಿದರು. ಕಿಟಕಿಯಿಂದ ಅವರ ಫೋಟೋ ತೆಗೆಯುವುದು ನನ್ನ ಕೆಲಸ. ಆ ಉಡುಪಿನಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆಂದು ಒಬ್ಬನ ಕಾಲಿಗೆ ಕೆಂಪು ಪಟ್ಟಿ ಹಾಕುತ್ತಾರಲ್ಲ, ಅದು ನಿನ್ನದಾಗಬೇಕಿತ್ತು.

“ಏನಮ್ಮಾ ರೋವೀನಾ, ಬರೀ ಕೆಂಪು ಪಟ್ಟಿಯವನದೇ ತೆಗೀತಿದ್ದೀಯಲ್ಲ. ಇನ್ನೊಬ್ಬ ನಿನಗೇನು ಮಾಡಿದ?” ಎಂದ ಕಮಾಂಡರ್ ಹಾರ್ಲನ್.

“ಅಲ್ಲಿ ಬೆಳಕು ಚೆನ್ನಾಗಿದೆ” ಎಂದೆ.

ತರಬೇತಿಯ ಕೊಳದಲ್ಲಿ ನಿನಗೆ ತಲೆಸುತ್ತು ಬಂದದ್ದನ್ನು ಡಾಕ್ಟರಿಗೆ ಹೇಳಿ ನಿನ್ನ ಹಾರಾಟ ತಪ್ಪಿಸಿದ್ದು ಯಾರೆಂದು, ಸಾಯುವವರೆಗೂ ನೀನು ನನ್ನನ್ನು ಕೇಳಲಿಲ್ಲ.

ಬಿಸಿಲಿಗೆಂದು ಚಿನ್ನದ ಬಣ್ಣದ ಮುಖಗಾಜು ಇಳಿಸಿದ್ದರೆ ಒಳಗಿರುವವರು ಯಾರೆಂದು ಕಾಣುವುದಿಲ್ಲ; ನೀನೇ ಎಂದುಕೊಳ್ಳಬಹುದು. ಒಂದೇ ಸಮನೆ ತೆಗೆದು ಎರಡು ರೋಲು ಫಿಲ್ಮ್ ಮುಗಿಸಿದೆ. ಅಷ್ಟರಲ್ಲಿ ಸೂರ್ಯ ಭೂಮಿಯ ಹಿಂದೆ ಮರೆಯಾದ. ಕೆಂಪು ಪಟ್ಟಿಯವನು ಗಾಜನ್ನು ಮೇಲಕ್ಕೆತ್ತಿ, ನನ್ನತ್ತ ನೋಡಿ ನಕ್ಕ.

ನಾನು ಕ್ಯಾಮೆರಾ ಇಳಿಸಿದೆ.